ಲೋಳೆಗಡ್ಡೆಯೂ ನಮ್ಮತ್ತೆಯ ಎಡಗಾಲೂ

ಮಾನ್ಯ ಕೆರೆ ಪ್ರಾಧಿಕಾರದ ಅಧಿಕಾರಿಗಳೇ,

ಯಾರಿಗೂ ಕೇಡು ಮಾಡದ ಜೀವಿಗೆ ಹೆದರಿ ನೀವು ಕೆರೆಯ ಈಜುಕಟ್ಟೆಗೆ ಬೀಗ ಹಾಕಿಸಿದಿರಿ. ಬೀಗ ತೆಗೆದ ಕಾವಲುಗಾರರೊಬ್ಬರನ್ನು ಕೆಲಸದಿಂದ ತೆಗೆದಿರಿ. ಇದನ್ನು ಮುಖತಃ ಹೇಳಲು ಎರಡು ಬಾರಿ ಬಂದಿದ್ದೆ. ಮೊದಲ ಸಲ ನೀವು ಸಭೆಯಲ್ಲಿದ್ದಿರಿ. ಎರಡನೆಯ ಸಲ ಆ ಸಭೆಯ ಬಗ್ಗೆ ಸಭೆ ನಡೆಯುತ್ತಿತ್ತು. ಹಾಗಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಊರೆಲ್ಲ ಓದಿದರೆ ನಿಮಗೂ ಯಾರಾದರೂ ಹೇಳಿಯಾರು.

ಬೇಸಿಗೆಯಲ್ಲಿ ಈಜುಕಟ್ಟೆಯ ಕಂಬಗಳಿಗೆ ತಲೆದಿಂಬಿನ ಗಾತ್ರದ ಲೋಳೆಗಡ್ಡೆಗಳು ಅಂಟಿಕೊಂಡವು. ನೋಡಲು ಚೆಂದವಿರಲಿಲ್ಲ, ಒಪ್ಪುತ್ತೇನೆ. ನಿಮ್ಮ ಸಿಬ್ಬಂದಿ ದೂರದಿಂದಲೇ ಫೋಟೊ ಹೊಡೆದು, ‘ವಿಷಜೀವಿ: ಪ್ರವೇಶವಿಲ್ಲ’ ಎಂಬ ಫಲಕ ನೆಟ್ಟು ಹೋದರು. ಆಮೇಲೆ ನಿಮ್ಮದೇ ಪ್ರಯೋಗಾಲಯ ವರದಿ ಕೊಟ್ಟಿತು: ಇವು ಪಾಚಿಪ್ರಾಣಿಗಳು; ಒಂದೊಂದು ಗಡ್ಡೆಯೂ ಕಣ್ಣಿಗೆ ಕಂಡೂ ಕಾಣದ ಸಾವಿರಾರು ಜೀವಿಗಳ ವಠಾರ; ಕೂದಲೆಳೆಯಂಥ ಬೆರಳುಗಳಿಂದ ನೀರು ಸೋಸಿ ಹೊಟ್ಟೆ ಹೊರೆಯುತ್ತವೆ; ಮನುಷ್ಯರಿಗೆ ಅಪಾಯವಿಲ್ಲ. ಅಂದರೆ, ಕೆರೆಯ ನೀರನ್ನು ಸೋಸುವ ಕೆಲಸ ಯಾರಾದರೂ ಮಾಡುತ್ತಿದ್ದರೆ ಅದು ಅವೇ. ಬೀಗ ಮಾತ್ರ ಅಲ್ಲಾಡಲಿಲ್ಲ. ಕೇಳಿದ್ದಕ್ಕೆ ನಿಮ್ಮ ಗುಮಾಸ್ತರು, "ಮುಚ್ಚೋದು ನಮ್ಮ ವಿಭಾಗ ಮೇಡಂ, ತೆಗೆಯೋದು ಬೇರೆ ವಿಭಾಗ" ಎಂದರು. ಆ ವಿಭಾಗ ಎಲ್ಲಿದೆ? "ಅದನ್ನಿನ್ನೂ ಶುರು ಮಾಡಿಲ್ಲ."

ನಮ್ಮತ್ತೆ ಆಯುಷ್ಯವಿಡೀ ಹೊಲಿಗೆ ಯಂತ್ರ ತುಳಿದವರು. ಪಾರ್ಶ್ವವಾಯು ಬಡಿದು ಎಡಗಾಲು ಸೋತಿತು. ನೆಲದ ಮೇಲೆ ಗೋಡೆ ಹಿಡಿದು ನಿಲ್ಲುವವರು, ವೈದ್ಯರ ಮಾತಿನಂತೆ ಈಜುಕಟ್ಟೆಯ ಎದೆಮಟ್ಟದ ನೀರಿಗಿಳಿದರೆ ನಡೆಯುತ್ತಿದ್ದರು. "ಕೈ ಬಿಡೇ, ನಾನೇನು ಕೂಸಾ?" ಎಂದು ಗದರುತ್ತಿದ್ದರು. ಅತ್ತೆ ಕೈಬಿಟ್ಟರೆಂದು ಸೊಸೆ ಹಿಗ್ಗಿದ ಸಂಸಾರ ನಮ್ಮದೊಂದೇ ಇರಬೇಕು. ಬೀಗ ಬಿದ್ದ ಮೇಲೆ ಕಾಲು ಮರಗಟ್ಟುತ್ತ ಬಂತು, ಗದರುವುದೂ ನಿಂತಿತು. ಗದರದ ಅತ್ತೆಯನ್ನು ನೋಡುತ್ತ ಕೂರುವುದು ಎಂಥ ಸಂಕಟವೆಂದು ನಿಮಗೆ ಯಾವ ಪ್ರಯೋಗಾಲಯ ವರದಿ ಕೊಟ್ಟೀತು?

ನೀರನ್ನಾದರೂ ನೋಡಲಿ ಎಂದು ಒಂದು ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ಗೇಟಿನವರೆಗೆ ಕರೆದೊಯ್ದೆ.

"ಕಾಲು ಹೇಗಿದೆಯಮ್ಮಾ?" ಎಂದರು ಕಾವಲುಗಾರರು.

"ನಿನ್ನ ಬೀಗದ ಹಾಗೇ ಇದೆ ಕಣಪ್ಪಾ. ತುಕ್ಕು ಹಿಡಿದಿದೆ."

ಅವರು ಫಲಕ ನೋಡಿದರು, ಅತ್ತೆಯನ್ನು ನೋಡಿದರು, ಬೀಗ ತೆಗೆದರು. "ಬೇಗ ಇಳಿದು ಬನ್ನಿ."

ನೀರಿನಲ್ಲಿ ಅತ್ತೆ ಆಯ ತಪ್ಪಿ ಕಂಬ ಹಿಡಿದರು. ಕೈಗೆ ಸಿಕ್ಕಿದ್ದು ಗಡ್ಡೆ. ಅವರು ಅದನ್ನು ಮೆಲ್ಲಗೆ ಒತ್ತಿ, "ಇದೇನಾ ವಿಷ? ಮಗುವಿನ ಕೆನ್ನೆ ಥರ ಇದೆಯಲ್ಲೇ" ಎಂದು ನಕ್ಕರು. ಆಮೇಲೆ ಕಂಬದಿಂದ ಕಂಬಕ್ಕೆ ನಡೆದರು. ನನ್ನನ್ನು ಗದರಿದರು ಕೂಡ.

ದಡದಲ್ಲಿ ಯಾರೋ ವಿಡಿಯೊ ಮಾಡಿದ್ದರು. ವರದಿ ಓದಲು ಪುರುಸೊತ್ತಿಲ್ಲದ ನಿಮಗೆ ವಿಡಿಯೊ ನೋಡಲು ಪುರುಸೊತ್ತಾಯಿತು. ಕಾವಲುಗಾರರು ಸಂಜೆಯೇ ಮನೆ ಸೇರಿದರು. ನಾನೂ ಅತ್ತೆಯೂ ಕ್ಷಮೆ ಕೇಳಲು ಅವರ ಮನೆಗೆ ಹೋದಾಗ, "ನೀವು ನಡೆದ್ರಲ್ಲಮ್ಮಾ, ಬಿಡಿ" ಎಂದರು.

ಅವರನ್ನು ಕೆಲಸಕ್ಕೆ ಕರೆಯಿರಿ, ಬೀಗ ತೆಗೆಸಿರಿ. ಇಲ್ಲವಾದರೆ, "ನೀರಿಗಿಳಿದವಳು ನಾನು, ಶಿಕ್ಷೆ ನನಗೇ ಕೊಡಲಿ" ಎಂದು ಅತ್ತೆ ಖುದ್ದಾಗಿ ನಿಮ್ಮ ಮುಂದೆ ನಿಲ್ಲಲಿದ್ದಾರೆ. ನಿಮ್ಮ ಕೋಣೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಕೆಟ್ಟಿದೆ ಎಂದು ಹೇಳಿ ನೋಡಿದೆ. ನಿನ್ನೆಯಿಂದ ಮೆಟ್ಟಿಲು ಹತ್ತುವ ಅಭ್ಯಾಸ ಶುರುಮಾಡಿದ್ದಾರೆ.

ಇಂತಿ,
ಗಾಲಿಕುರ್ಚಿ ತಳ್ಳಿದ್ದರಿಂದ ಸಹ ಅಪರಾಧಿಯಾದ ಸೊಸೆ