ಕೂಸನ್ನು ಎಲ್ಲಿ ಮಲಗಿಸಿದೆನೆಂದರೆ

ಬ್ಯಾಡಗಿ,
ರವಿವಾರ, ೪ ಏಪ್ರಿಲ್ ೨೦೦೪

ಚಿ. ಸೌ. ನಿರ್ಮಲಾಳಿಗೆ,

ನಿನ್ನ ವಿಜಯಮಹಾಂತೇಶ ಮಾಡುವ ಆಶೀರ್ವಾದಗಳು. ಹೊಲಿಗೆಯ ಗಾಯ ಈಗ ಹೇಗಿದೆ? ಜ್ವರ ಮತ್ತೆ ಬಂದಿಲ್ಲವಷ್ಟೆ? ಅತ್ತೆಯವರ ಮೊಣಕಾಲು ಹೇಗಿದೆ, ಪ್ರವೀಣಕುಮಾರನ ಅಂಗಡಿ ಹೇಗೆ ನಡೆದಿದೆ ಎಂದು ಕೇಳಬೇಕು. ಕೇಳಲು ಪೆನ್ನು ಹಿಡಿದರೆ ಯಾವ ಮುಖ ಇಟ್ಟುಕೊಂಡು ಕೇಳಲಿ ಅನಿಸುತ್ತದೆ. ಇಂದಿಗೆ ನಲವತ್ತು ದಿನ. ಒಂದು ಸಾಲು ಬರೆಯಲಿಲ್ಲ. ಇಲ್ಲಿಂದ ನಿನ್ನ ತವರು ರಾಣೆಬೆನ್ನೂರು ಏನು ದೂರ? ಎರಡು ಸಲ ಬಸ್ಸು ಹತ್ತಿ ಬಂದೆ. ಒಮ್ಮೆ ಸ್ಟ್ಯಾಂಡಿನಿಂದಲೇ ತಿರುಗಿದೆ. ಇನ್ನೊಮ್ಮೆ ನಿಮ್ಮ ಓಣಿಯ ತುದಿಯ ಹಿಟ್ಟಿನ ಗಿರಣಿಯವರೆಗೂ ಬಂದಿದ್ದೆ. ಅತ್ತೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಅವರು ತಲೆ ಎತ್ತುವುದರೊಳಗೆ ನಾನು ಹಿಂದಕ್ಕೆ ಹೆಜ್ಜೆ ಹಾಕಿದ್ದೆ. ತಪ್ಪಾಯಿತು.

ಮೊನ್ನೆ ನನ್ನ ಡ್ಯೂಟಿಯ ಹೊತ್ತಿಗೆ ಪ್ರವೀಣ ಕೋಲ್ಡ್ ಸ್ಟೋರೇಜಿಗೆ ಬಂದಿದ್ದ. ಚಹಾ ತರಿಸಿದರೆ ಮುಟ್ಟಲಿಲ್ಲ. ನಿಂತೇ ಹೇಳಿದ: "ಅಕ್ಕ ಒಂದ ಮಾತ ಕೇಳ್ಕೊಂಡ ಬಾ ಅಂತ ಕಳಿಸ್ಯಾಳ್ರಿ ಮಾಮಾ. ಕೂಸನ್ನ ಎಲ್ಲಿ ಇಟ್ಟೀರಿ ಅಂತ. ಬ್ಯಾರೆ ಏನೂ ಮಾತಾಡಬ್ಯಾಡ ಅಂದಾಳ."

ಬರೆದು ಕಳಿಸುತ್ತೇನೆ ಎಂದೆ. ಅವನು ಹೋದ ಮೇಲೆ ಮೆಷಿನ್ ರೂಮಿನ ಕೀಲಿಯನ್ನು ಜೊತೆಗಾರನಿಗೆ ಕೊಟ್ಟು ಮೋಟೆಬೆನ್ನೂರಿನವರೆಗೆ ನಡೆದೆ, ಅಲ್ಲಿಂದ ಮತ್ತೆ ನಡೆದು ಬಂದೆ. ಈಗ ಹಾಗೆಯೇ ಆಗಿದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಎಂದು ತಿಳಿಯುವುದಿಲ್ಲ. ಈ ಕಾಗದವನ್ನೇ ನಾಲ್ಕು ಸಲ ಎದ್ದು ಎದ್ದು ಬರೆಯುತ್ತಿದ್ದೇನೆ. ಅಕ್ಷರ ವಾರೆಯಾಗಿದ್ದರೆ ಬೇಸರ ಮಾಡಿಕೊಳ್ಳಬೇಡ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಕಡೆಗೆ ಒಂದು ಹಳೆಯ ರುದ್ರಭೂಮಿ. ಗೇಟಿನ ಎದುರಿಗೆ ಗುಜರಿ ಅಂಗಡಿ ಇದೆ. ಒಳಗೆ ಹೋಗಿ ಬಲಕ್ಕೆ ಹೊರಳಿದರೆ ಸಣ್ಣ ಮಕ್ಕಳದೇ ಒಂದು ಭಾಗ. ಕಂಪೌಂಡಿನಿಂದ ಮೂರನೆಯ ಸಾಲು. ಅಲ್ಲಿ ಒಂದೇ ಒಂದು ಹೊಂಗೆಯ ಮರವಿದೆ, ಅದರಿಂದ ಹನ್ನೆರಡು ಹೆಜ್ಜೆ. ನನ್ನ ಹೆಜ್ಜೆ ಹನ್ನೆರಡು, ನಿನಗೆ ಹದಿನೈದಾದೀತು. ತಲೆಯ ಕಡೆ ಒಂದು ಕರಿ ಕಲ್ಲು ನಿಲ್ಲಿಸಿದ್ದೇನೆ.

ಆಸ್ಪತ್ರೆಯವರೇ ಎಲ್ಲ ಮಾಡಿ ಮುಗಿಸಿದರು ಎಂದು ಅವತ್ತು ಫೋನಿನಲ್ಲಿ ಪ್ರವೀಣನಿಗೆ ಹೇಳಿದ್ದೆ. ಅದು ಸುಳ್ಳು. ಯಾರೂ ಮಾಡಲಿಲ್ಲ, ನಾನೇ ಮಾಡಿದೆ. ಅದನ್ನು ಕೇಳಿಯೇ ಅತ್ತೆಯವರು ಹಾವೇರಿಯ ದವಾಖಾನೆಯ ವರಾಂಡದಲ್ಲಿ ನಾಲ್ಕು ಮಂದಿಯ ಮುಂದೆ ನನಗೆ ಅಂದರು: "ನಮ್ಮ ಹೊಲದಾಗ ಮೂರ್ ಮೊಳ ಜಾಗ ಇದ್ದಿಲ್ಲೇನು? ಗುರುತ ಇಲ್ಲದ ಊರಾಗ ಕೂಸನ್ನ ಒಗದ ಬಂದ್ಯಲ್ಲೋ. ಪ್ರವೀಣ ರೊಕ್ಕ ತರೂತನಕ ಒಂದ ದಿನ ಕಾಯಾಕ ಆಗಲಿಲ್ಲೇನು ನಿನಗ?" ನೀನು ಆಗ ಒಳಗೆ ಗೋಡೆಯ ಕಡೆ ಹೊರಳಿ ಮಲಗಿದ್ದೆ. ಅವರು ಕೇಳಿದ್ದು ಬರೋಬ್ಬರಿ ಇತ್ತು. ಉತ್ತರ ನಿನಗಾದರೂ ತಿಳಿಯಲಿ.

ನಿನಗೆ ಗೊತ್ತಿರುವ ಹಾಗೆ, ಹುಬ್ಬಳ್ಳಿಯ ದವಾಖಾನೆಯವರು ಕೂಸಿನ ಎದೆಯ ಆಪರೇಶನ್ ಇಲ್ಲಿ ಆಗುವುದಿಲ್ಲ ಎಂದು ಬೆಂಗಳೂರಿಗೆ ಬರೆದುಕೊಟ್ಟಾಗ, ನಿನ್ನನ್ನು ಹಾವೇರಿಯಲ್ಲೇ ಬಿಟ್ಟು ನಾನು ಮತ್ತು ಪ್ರವೀಣ ಇಬ್ಬರೂ ಹೋದೆವು. ಅವನು ರೊಕ್ಕ ಹೊಂದಿಸಲು ಸೋಮವಾರ ತಿರುಗಿ ಬಂದ. ಮಂಗಳವಾರ ಹನ್ನೊಂದೂವರೆಗೆ ಕೂಸು ಹೋಯಿತು. ನನ್ನ ಜೇಬಿನಲ್ಲಿದ್ದದ್ದು ಸಾವಿರದ ನಾನೂರು. ಗೇಟಿನ ಹೊರಗಿನ ಆಂಬುಲೆನ್ಸಿನವರು ಹಾವೇರಿಗೆ ಎಂಟು ಸಾವಿರಕ್ಕೆ ಒಂದು ಪೈಸೆ ಕಡಿಮೆ ಇಲ್ಲ ಅಂದಿದ್ದರು. ವಾರ್ಡಿನ ಸಿಸ್ಟರು ಒಳ್ಳೆಯವರು. "ನಿಮ್ಮ ಕಡೆಯವರು ಬರೋವರೆಗೂ ಶವಾಗಾರದ ಐಸ್ ಪೆಟ್ಟಿಗೆಯಲ್ಲಿ ಇಡೋಣ, ನಾಳೆ ತಗೊಂಡು ಹೋಗಿ" ಎಂದರು. ಕಾಯಬಹುದಿತ್ತು, ನಿರ್ಮಲಾ. ಆದರೆ ಕೋಲ್ಡ್ ಸ್ಟೋರೇಜಿನ ಕೋಣೆಗಳ ಬಾಗಿಲನ್ನು ದಿನಕ್ಕೆ ಇಪ್ಪತ್ತು ಸಲ ತೆಗೆದು ಹಾಕುವವನು ನಾನು. ಬಾಗಿಲು ಕೂತ ಮೇಲೆ ಒಳಗೆ ಎಂಥ ಕತ್ತಲೆ, ಎಂಥ ಥಂಡಿ ಎಂದು ನನಗೆ ಗೊತ್ತು. ಅಲ್ಲಿ ಮೆಣಸಿನಕಾಯಿ ಚೀಲ ಇಡಬಹುದು. ಹದಿಮೂರು ದಿನದ ಕೂಸನ್ನು ಇಡಲು ನನ್ನ ಕೈ ಬರಲಿಲ್ಲ.

ಕಾಗದಪತ್ರ ಮುಗಿದು ಕೂಸು ಕೈಗೆ ಬಂದಾಗ ಎರಡು ಗಂಟೆ. ನೀನು ಕಳಿಸಿದ್ದ ಹಸಿರು ದುಪಟಿಯಲ್ಲಿ ಸುತ್ತಿದೆ. ಆಮೇಲೆ ಮಾಡಿದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಹಾವೇರಿಯ ಬಸ್ಸು ಹತ್ತಿದೆ. ಮಲಗಿದ ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕಿಟಕಿಯ ಪಕ್ಕ ಕೂತೆ. ಏಳೆಂಟು ತಾಸು ಯಾರೂ ಮುಖ ನೋಡದಿದ್ದರೆ ನಿನ್ನ ಹತ್ತಿರ ತಂದು ಮುಟ್ಟಿಸುತ್ತಿದ್ದೆ. ಒಮ್ಮೆಯಾದರೂ ನಿನ್ನ ತೊಡೆಯ ಮೇಲೆ ಮಲಗಿಸಬೇಕು, ಅಷ್ಟೇ ತಲೆಯಲ್ಲಿ.

ಪಕ್ಕದಲ್ಲಿ ಗುತ್ತಲದ ಒಬ್ಬ ಮುದುಕಿ ಬಂದು ಕೂತಳು. ಮಗಳ ಮನೆಯಿಂದ ತಿರುಗಿ ಹೊರಟಿದ್ದಳಂತೆ. ಕೂತವಳೇ ಮಾತು ತೆಗೆದಳು.

"ಏನ್ ಕೂಸ್ರಿ?"

"ಹೆಣ್ಣ್ರಿ."

"ಇದರ ತಾಯಿ ಎಲ್ಲದಾಳ್ರಿ?"

"ಹಾವೇರ್ಯಾಗ, ದವಾಖಾನ್ಯಾಗ ಅದಾಳ್ರಿ."

"ಅಯ್ಯ ನಮ್ಮವ್ವ! ಹಸಗೂಸನ್ನ ಗಂಡಸ ಒಬ್ಬಾವ ಹೊತ್ಕೊಂಡ ಹೊಂಟೀರಲ್ಲ, ಹಾಲಿಗೆ ಎದ್ರ ಏನ್ ಮಾಡ್ತೀರಿ? ಮಾರಿ ಮ್ಯಾಲಿನ ಅರಿವಿ ತಗೀರಿ, ಗಾಳಿ ಆಡ್ಲಿ. ತರ್ರಿ ಇಲ್ಲಿ, ನನ್ನ ಕೈಯಾಗ ಕೊಡ್ರಿ."

ಬೇಡ ಎನ್ನುವುದರೊಳಗೆ ಅವಳ ಕೈ ದುಪಟಿಯ ಒಳಗೆ ಹೋಗಿ ಪಾದ ಮುಟ್ಟಿತ್ತು. ಅಲ್ಲಿಗೇ ನಿಂತಿತು. ಈಗ ಚೀರುತ್ತಾಳೆ, ಕಂಡಕ್ಟರ ಬರುತ್ತಾನೆ ಎಂದುಕೊಂಡೆ. ಅವಳು ಚೀರಲಿಲ್ಲ. ನನ್ನ ಮುಖ ನೋಡಿದಳು. ಮೆಲ್ಲಗೆ, ನನ್ನೊಬ್ಬನಿಗೇ ಕೇಳುವ ಹಾಗೆ ಅಂದಳು: "ಇಳಿ ತಮ್ಮಾ. ಇನ್ನ ಬಸ್ ಬಿಟ್ಟಿಲ್ಲ, ಇಳಿ. ಯಾರಿಗರ ಗೊತ್ತಾದ್ರ ನಡುದಾರ್ಯಾಗ ಇಳಿಸ್ತಾರ, ಅಡವ್ಯಾಗ ಏನ್ ಮಾಡ್ತಿ? ಇಷ್ಟ ದೊಡ್ಡ ಊರಾಗ ಇದಕ್ಕೊಂದ ಜಾಗ ಇರಂಗಿಲ್ಲೇನು? ಇಲ್ಲೇ ಮಣ್ಣ ಮಾಡು. ಹೊತ್ತ ಮುಳುಗೂದ್ರಾಗ ಮಾಡು." ನಾನು ಏಳುವಾಗ ಕೂಸಿನ ಪಾದವನ್ನು ದುಪಟಿಯೊಳಗೆ ಸರಿಮಾಡಿ, ತನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಇಳಿದೆ. ಎಲ್ಲಿ ಮಣ್ಣು ಮಾಡುತ್ತಾರೆ ಎಂದು ಯಾರನ್ನು ಕೇಳುವುದು? ಚಹಾದಂಗಡಿಯಲ್ಲಿ ಕೇಳಿದರೆ ನನ್ನನ್ನು ಕೆಳಗಿನಿಂದ ಮೇಲೆ ನೋಡಿದರು. ಒಬ್ಬ ಆಟೋದವನು ಒಪ್ಪಿದ. ಎಲ್ಲಿಗೆ, ಯಾಕೆ ಎಂದು ತಿಳಿದ ಮೇಲೆ ಎರಡರಷ್ಟು ಕೇಳಿದ. ಆಯಿತು ಎಂದೆ. ಮೊದಲು ಕರೆದುಕೊಂಡು ಹೋದದ್ದು ಕರೆಂಟಿನ ಚಿತಾಗಾರಕ್ಕೆ. ಅಲ್ಲಿಯ ಮನುಷ್ಯ ಊಟದ ಡಬ್ಬಿ ತೊಳೆಯುತ್ತಿದ್ದ. "ಇಷ್ಟು ಚಿಕ್ಕ ಮಕ್ಕಳನ್ನ ಸುಡಲ್ಲ ಸಾರ್. ದೂರದಿಂದ ಬಂದಿದೀರಾ ಅಂತೀರಾ, ಬೇಕಾದ್ರೆ ಮಾಡಿಕೊಡ್ತೀನಿ. ಹೂಳೋದಕ್ಕಿಂತ ಖರ್ಚೂ ಕಮ್ಮಿ, ಹತ್ತು ನಿಮಿಷದ ಕೆಲಸ" ಎಂದ. ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ಆದರೆ ನಮ್ಮವರಲ್ಲಿ ಯಾರನ್ನಾದರೂ ಬೆಂಕಿಗೆ ಕೊಟ್ಟಿದ್ದೇವೆಯೆ? ಹತ್ತು ನಿಮಿಷ ಎಂಬ ಮಾತು ಕೇಳಿ ಕೂಸನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದೆ. ಆಟೋದವನಿಗೆ ಏನನಿಸಿತೋ, ಬೈಯಲಿಲ್ಲ. ಇನ್ನೊಂದು ಕಡೆ ಇದೆ, ನಡೀರಿ ಎಂದು ಈ ಹೊಂಗೆ ಮರದ ಜಾಗಕ್ಕೆ ತಂದು ಇಳಿಸಿದ.

ಅಲ್ಲಿ ಸಣ್ಣ ಮಕ್ಕಳ ಕುಣಿ ತೋಡುವವಳು ಒಬ್ಬ ಹೆಣ್ಣುಮಗಳು. ಉಚ್ಚಂಗೆವ್ವ ಎಂದು ಹೆಸರು. ಹರಪನಹಳ್ಳಿಯ ಕಡೆಯಿಂದ ಗಂಡನ ಜೊತೆ ದುಡಿಯಲು ಬಂದವಳು. ಗಂಡ ಹೋದ ಮೇಲೆ ಅವನ ಸನಿಕೆಯನ್ನು ತಾನು ಹಿಡಿದಿದ್ದಾಳೆ. ನನ್ನ ಎರಡು ಮಾತು ಕೇಳುತ್ತಲೇ "ನಮ್ಮ ಕಡಿಯಾವ್ರು ಅದೀರಿ, ಯಾವೂರ್ರಿ?" ಎಂದಳು. ಬ್ಯಾಡಗಿ ಎಂದೆ. ಬಸ್ಸಿನ ಮುದುಕಿಯ ಆಮೇಲೆ ಮತ್ತೆ ಊರ ಕಡೆಯ ಮಾತು ಕಿವಿಗೆ ಬಿದ್ದಿತು. ಆಗ ನನಗೆ ಅಳು ಬಂದಿತು, ಅಲ್ಲಿಯವರೆಗೆ ಬಂದಿರಲಿಲ್ಲ. ಅವಳು ಕುಣಿ ತೋಡುತ್ತಲೇ ಇದ್ದಳು. ಮುಗಿದ ಮೇಲೆ ಕೊಡದಲ್ಲಿ ನೀರು ತಂದಿಟ್ಟು, "ನೀವ ತೊಳೀರಿ. ನಾಳೆ ಅವರವ್ವಗ ಹೇಳಾಕ ಬೇಕಾಗ್ತೈತಿ" ಎಂದಳು.

ಅದಕ್ಕೇ ಹೇಳುತ್ತಿದ್ದೇನೆ. ನಾನೇ ತೊಳೆದೆ. ಕೂಸಿನ ಎಡಗಿವಿಯ ಹಿಂದೆ ಎಳ್ಳಿನಷ್ಟು ಒಂದು ಮಚ್ಚೆ ಇತ್ತು, ನೀನು ನೋಡಿರಲಿಕ್ಕಿಲ್ಲ. ಕಾಲಿನ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ, ನಿನ್ನ ಹಾಗೆಯೇ. ಸೂಜಿ ಚುಚ್ಚಿದ ಕಡೆ ಕೈ ನೀಲಿಯಾಗಿತ್ತು, ಮುಖ ಏನೂ ಆಗಿರಲಿಲ್ಲ. ಗೇಟಿನ ಹತ್ತಿರದ ಅಂಗಡಿಯಲ್ಲಿ ವಿಭೂತಿ ಸಿಕ್ಕಿತು, ಹಣೆಗೆ ಹಚ್ಚಿದೆ. ಸ್ವಾಮಿಗಳು ಇರಲಿಲ್ಲ, ಬಾಯಿಗೆ ಬಂದ ಮಂತ್ರ ಒಂದೇ, ಅದನ್ನೇ ಅಂದೆ. ಉಚ್ಚಂಗೆವ್ವ ಕೇಳಿದಳು: "ಹಾಲ ತಂದೀರೇನ್ರಿ? ಹಾಲಗೂಸನ್ನ ಬರೇ ಬಾಯೀಲೆ ಕಳಸಬಾರ್ದು." ಓಡಿ ಹೋಗಿ ಪಾಕೀಟು ತಂದೆ. ಅವಳು ಹಲ್ಲಿನಿಂದ ಹರಿದು ಕೊಟ್ಟಳು. ತುಟಿಗೆ ಎರಡು ಹನಿ ಮುಟ್ಟಿಸಿದೆ, ಉಳಿದದ್ದನ್ನು ಮಣ್ಣಿನ ಮೇಲೆ ಹನಿಸಿದೆ. ಆ ಹೊತ್ತಿಗೆ ಹಾವೇರಿಯಲ್ಲಿ ನಿನ್ನ ಎದೆಯಲ್ಲಿ ಹಾಲು ಕಟ್ಟಿಕೊಂಡು, ನರ್ಸು ಬಂದು ಹಿಂಡಿ ತೆಗೆಯುತ್ತಿದ್ದರು ಎಂದು ಆಮೇಲೆ ಪ್ರವೀಣ ಹೇಳಿದ. ಅಂದಿನಿಂದ ನನಗೆ ಹಾಲು ಸೇರುವುದಿಲ್ಲ.

ಅಲ್ಲಿಯ ಗುಮಾಸ್ತರು ರಿಜಿಸ್ಟರಿನಲ್ಲಿ ಬರೆದುಕೊಂಡು ಚೀಟಿ ಕೊಟ್ಟರು. ಹೆಸರು ಕೇಳಿದರು, ಇನ್ನೂ ಇಟ್ಟಿಲ್ಲ ಎಂದೆ. "ನಿರ್ಮಲಾ ಇವರ ಹೆಣ್ಣು ಮಗು" ಎಂದು ಬರೆದರು. ಚೀಟಿ ನನ್ನ ಹತ್ತಿರ ಇದೆ.

ಇನ್ನೊಂದು ಮಾತು, ಇದಕ್ಕೇ ಅವಸರ. ಹೊರಡುವಾಗ ಉಚ್ಚಂಗೆವ್ವ ಮುಚ್ಚಿಡದೆ ಹೇಳಿದಳು: "ಇಲ್ಲಿ ಜಾಗ ಭಾಳ ಸಣ್ಣದೈತ್ರಿ. ಎರಡ ವರ್ಷಕ್ಕ ಮತ್ತ ಅಲ್ಲೇ ಅಗೀಬೇಕಾಗ್ತೈತಿ. ಅವರವ್ವ ನೋಡಬೇಕ ಅಂದ್ರ ಲಗೂನ ಕರಕೊಂಡ ಬರ್ರಿ. ಅಲ್ಲೀತನಕ ಆ ಕಲ್ಲ ನಾ ಅಳ್ಳಾಡಿಸಗೊಡಂಗಿಲ್ಲ."

ಬರುವ ಶನಿವಾರ ರಜೆ ಹಾಕಿದ್ದೇನೆ. ಬೆಳಗಿನ ಬೆಂಗಳೂರು ರೈಲಿಗೆ ಇಲ್ಲಿ ಹತ್ತುತ್ತೇನೆ. ರಾಣೆಬೆನ್ನೂರಿನಲ್ಲಿ ಎರಡು ನಿಮಿಷ ನಿಲ್ಲುತ್ತದೆ, ನಾನು ಬಾಗಿಲಿನಲ್ಲೇ ನಿಂತಿರುತ್ತೇನೆ. ಗಾಯ ಮಾಯ್ದಿದ್ದರೆ, ಬರಬೇಕೆನಿಸಿದರೆ ಬಾ. ನನ್ನ ಜೊತೆ ಬೇಡ ಅನಿಸಿದರೆ ಪ್ರವೀಣನ ಜೊತೆ ಹೋಗು. ಅದಕ್ಕೆಂದೇ ದಾರಿಯನ್ನು ಮೇಲೆ ಬಿಡಿಸಿ ಬರೆದಿದ್ದೇನೆ. ಅತ್ತೆಯವರಿಗೆ ನನ್ನ ಶರಣು ತಿಳಿಸು. ಅವರು ಅಂದದ್ದಕ್ಕೆ ನನಗೆ ಸಿಟ್ಟಿಲ್ಲ. ನಿನ್ನ ಮೈ ಗಟ್ಟಿಯಾಗಲಿ, ನಿದ್ದೆ ಬರಲಿ. ಶಿವ ನಿನ್ನನ್ನು ಕಾಯಲಿ.

ನಿನ್ನ,
ವಿಜಯಮಹಾಂತೇಶ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಇದನ್ನು ತಿಳಿಸದೆ ನಿನ್ನನ್ನು ರೈಲಿಗೆ ಕರೆಯುವುದು ನ್ಯಾಯವಲ್ಲ. ಆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಡಾಕ್ಟರು ಬಂದು, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಯವರಿಗೆ ತಿಳಿಸಿಬಿಡಿ ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಫೋನು ಮಾಡಲಿಲ್ಲ. ಕೆಳಗಿಳಿದು ಗೇಟಿನ ಹೊರಗೆ ಆಂಬುಲೆನ್ಸುಗಳ ಸಾಲಿಗೆ ಹೋದೆ. ಹಾವೇರಿಗೆ ಎಷ್ಟಾಗುತ್ತದೆ ಎಂದು ಕೇಳಿದೆ. ಡ್ರೈವರು "ಪೇಶಂಟಾ, ಬಾಡಿನಾ? ರೇಟು ಬೇರೆ ಬೇರೆ" ಎಂದ. ನಾನು "ಬಾಡಿ" ಎಂದೆ. ಇನ್ನಿಬ್ಬರ ಹತ್ತಿರ ಹೋಗಿಯೂ ಅದನ್ನೇ ಅಂದು ಚೌಕಾಶಿ ಮಾಡಿದೆ. ಮೇಲೆ ಬಂದಾಗ ಒಂಬತ್ತು ಗಂಟೆ. ಕೂಸು ಕಣ್ಣು ಬಿಟ್ಟಿತ್ತು, ನಿರ್ಮಲಾ. ಬೆರಳು ಕೊಟ್ಟರೆ ಹಿಡಿದುಕೊಂಡಳು. ಹನ್ನೊಂದೂವರೆಯವರೆಗೆ ಬಿಡಲಿಲ್ಲ.