ಎಕ್ಸ್‌ರೇ ಹಾಳೆಯ ಹಾಡು

ಅಲ್ಮಾಟಿ, ಸೆಪ್ಟೆಂಬರ್ 12, ಶನಿವಾರ

ಮೊಮ್ಮಗ ಎರ್ನಾರನ ಹೆಂಡತಿಯ ಮುಸುಕು ತೆಗೆಯುವ ಶಾಸ್ತ್ರ ಮುಗಿಯಿತು. ನಾದಿನಿ ಬಾತಿಮಾಳ ಮಾತು ಮಾತ್ರ ಇನ್ನೂ ಚುಚ್ಚುತ್ತಿದೆ.

ಶಾಸ್ತ್ರದ ಹಾಡುಗಾರ, ಎರ್ನಾರನ ಆಸೆಯಂತೆ, ತನ್ನ ಎರಡು ತಂತಿಯ ದೊಂಬ್ರಾದಲ್ಲಿ ಬೀಟಲ್ಸ್ ಧಾಟಿ ಹಿಡಿದ. ಬಾತಿಮಾ ಎದ್ದೇಬಿಟ್ಟಳು.

"ಅತ್ತಿಗೆ, ಇದೇನು ಮದ್ವೆನೋ ಸರ್ಕಸ್ಸೋ? ಅಣ್ಣ ಇದ್ದಿದ್ರೆ ಆ ದೊಂಬ್ರಾನ ಒಲೆಗೆ ಹಾಕ್ತಿದ್ದ!"

ಮುಸುಕು ಹೊದ್ದ ಮದುಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ಎಲ್ಲರೂ ನನ್ನ ಮುಖ ನೋಡಿದರು. ಈ ಮನೆಯಲ್ಲಿ ಕೊನೆಯ ಮಾತು ನನ್ನದು.

"ನಿಮ್ಮಣ್ಣ ನನ್ನ ಒಲಿಸಿದ್ದೇ ಈ ಹಾಡಿಂದ ಕಣೇ. ಆಗ ಸರ್ಕಾರ ಇದನ್ನ ಕೇಳೋಕೇ ಬಿಡ್ತಿರ್ಲಿಲ್ಲ. ಹಳೇ ಎಕ್ಸ್‌ರೇ ಹಾಳೆನ ಗ್ರಾಮಫೋನ್ ತಟ್ಟೆ ಥರ ದುಂಡಗೆ ಕತ್ತರಿಸಿ, ಅದ್ರ ಮೇಲೆ ಈ ಹಾಡನ್ನ ಕದ್ದು ಕೊರೆಸ್ಕೊಂಡು ಬಂದಿದ್ರು. ಹಾಳೆ ಮೇಲಿನ ಪಕ್ಕೆಲುಬು ಗಿರಗಿರ ತಿರುಗ್ತಾ ಹಾಡ್ತಿತ್ತು. ಸುಮ್ನೆ ಕೂತ್ಕೋ. ನೀನು ನುಡಿಸಪ್ಪ."

ಅವನು ನುಡಿಸಿದ. ಹುಡುಗಿ ಮೊದಲು ನನಗೆ ಬಾಗಿದಳು, ಆಮೇಲೆ ಬಾತಿಮಾಳಿಗೆ. ಮುಸುಕು ಎತ್ತಿದಾಗ ನಗುತ್ತಿದ್ದಳು.

ಬೀಟಲ್ಸ್‌ನ ಆ ನಾಲ್ವರು ಹಾಡುಗಾರರು ನಮ್ಮೂರಿಗೆ ಒಮ್ಮೆಯೂ ಬಂದವರಲ್ಲ. ಆದರೂ ನನ್ನ ಮದುವೆಗೂ ಮೊಮ್ಮಗನ ಮದುವೆಗೂ ಅವರೇ ಬೇಕಾಯಿತು.

ಒಂದು ವಿಷಯ ಸಭೆಯಲ್ಲಿ ಹೇಳಲಿಲ್ಲ. ಕುದುರೆಯಿಂದ ಬಿದ್ದಾಗ ತೆಗೆಸಿದ್ದ ಆ ಎಕ್ಸ್‌ರೇಯ ಪಕ್ಕೆಲುಬು ಬಾತಿಮಾಳದ್ದೇ. ನಾಳೆ ಚಹಾಕ್ಕೆ ಬರುತ್ತಾಳಲ್ಲ, ಇಷ್ಟು ದಿನ ಜೋಪಾನವಾಗಿಟ್ಟ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನೋಡಮ್ಮ, ಐವತ್ತು ವರ್ಷದಿಂದ ಹಾಡುತ್ತಿರುವವಳು ನೀನೇ ಎಂದು ಹೇಳುತ್ತೇನೆ.