ಮಲಗುವ ಹಾಡಿಗೆ ಚಪ್ಪಾಳೆ

ರೆಕ್ಕೆಖಾನೆ ವಸತಿ, ಗದಗ
ಫೆಬ್ರುವರಿ 31, 2211

ನನ್ನ ಮುತ್ತಜ್ಜಿಯ ಮುತ್ತಜ್ಜಿ ವಾರಿಜಾ ಅವರಿಗೆ, ಆರನೆಯ ತಲೆಮಾರಿನ ಇಂದುಮತಿಯ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಮೂರು ದಿನದ ದುಡಿಮೆ ಹೆಚ್ಚಿಗೆ ಸಿಗಲೆಂದು ಫೆಬ್ರುವರಿಯನ್ನು ಹಿಗ್ಗಿಸಿ ಎಪ್ಪತ್ತು ವರ್ಷವಾಯಿತು. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ತಿದ್ದಿ ಬರೆಯುವಷ್ಟು ತ್ರಾಣ ಉಳಿದಿಲ್ಲ.

ನಿಮ್ಮ ಕೈಬರಹದ ನೋಟ್‌ಬುಕ್ಕು ನಮ್ಮ ಮನೆಯಲ್ಲಿದೆ. ನಿಮ್ಮ ಕಂಪನಿಯ ವಾರ್ಷಿಕ ಸಮಾರಂಭದಲ್ಲಿ ನೌಕರರನ್ನು ಹುರಿದುಂಬಿಸಲು ನೀವು ಆರಿಸಿದ ಸಿನಿಮಾ ಹಾಡುಗಳ ಪಟ್ಟಿ ಅದು. ಒಂದು ಹಾಡಿನ ಪಕ್ಕದಲ್ಲಿ ‘ಮ್ಯಾನೇಜರೂ ಕುಣಿದರು, ಮುಂದಿನ ವರ್ಷವೂ ಇದೇ’ ಎಂದು ಬರೆದಿದ್ದೀರಿ. ಪಾಪ, ನಿಮಗೇನು ಗೊತ್ತಿತ್ತು! ವರ್ಷಕ್ಕೊಮ್ಮೆ ಇದ್ದದ್ದು ತಿಂಗಳಿಗೆ ಬಂತು, ವಾರಕ್ಕೆ ಬಂತು, ಈಗ ದಿನಾ ಬೆಳಿಗ್ಗೆ. ಅದಕ್ಕೆ ಹುರುಪುಹೊತ್ತು ಅನ್ನುತ್ತೇವೆ. ಹಾಡು ಶುರುವಾದೊಡನೆ ಎದ್ದು, ಸಾಲಾಗಿ ನಿಂತು ಚಪ್ಪಾಳೆ ತಟ್ಟಬೇಕು. ಮುಗಿದ ಮೇಲೆ ಅವತ್ತಿನ ಗುರಿ ಎಷ್ಟೆಂದು ಕೇಳಿಕೊಂಡು ಕೆಲಸಕ್ಕೆ ಹೋಗಬೇಕು. ರೆಕ್ಕೆಖಾನೆ ಎಂದರೆ ಗಾಳಿಯಂತ್ರಗಳ ಸವೆದ ರೆಕ್ಕೆಗಳನ್ನು ಉಜ್ಜಿ ನಯಮಾಡುವ ಕಾರ್ಖಾನೆ. ನಮ್ಮವ್ವ ತುಂಗವ್ವ ಅಲ್ಲಿ ನಲವತ್ತೊಂದು ವರ್ಷ ರೆಕ್ಕೆ ಉಜ್ಜಿದಳು. ನಾನು ಹಾಡಾರಿಸುವವಳು, ನಿಮ್ಮ ಕಸುಬಿನವಳೇ.

ಹಾಡುಗಳೂ ಸವೆಯುತ್ತವೆ. ನಿಮ್ಮ ಕಾಲದ ಪ್ರೇಮಗೀತೆ ಕೇಳಿದರೆ ನಮಗೆ ಪ್ರೇಮ ನೆನಪಾಗುವುದಿಲ್ಲ, ಪಾಳಿ ನೆನಪಾಗುತ್ತದೆ. ನನ್ನ ಚಿಕ್ಕಪ್ಪನ ಮಗನ ಮದುವೆಯಲ್ಲಿ ಯಾರೋ ಒಂದು ಹಳೇ ಕುಣಿತದ ಹಾಡು ಹಾಕಿದರು. ಬೀಗರೆಲ್ಲ ಊಟದೆಲೆ ಬಿಟ್ಟು ಎದ್ದು ಸಾಲು ಕಟ್ಟಿದರು. ಮದುಮಗನೂ ಎದ್ದ. ಅವತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು, ಈಗ ನೆನೆದರೆ ನಗು ಬರುವುದಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಪಟ್ಟಿ ಬರಿದಾಯಿತು. ಯಾವ ಹಾಡು ಹಾಕಿದರೂ ಚಪ್ಪಾಳೆ ಸಪ್ಪೆ. ಮೇಲಿನವರು ಹುಡುಕು ಅಂದರು, ನಾನು ದೂರ ಹುಡುಕಲಿಲ್ಲ. ಚಿಕ್ಕಂದಿನಲ್ಲಿ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಹಾಡುತ್ತಿದ್ದಳು: ‘ಗುಬ್ಬಿ ಮಲಗಿತು, ಗೂಡು ಮಲಗಿತು, ನೀನೂ ಮಲಗೇ.’ ಅದನ್ನೇ ಕೊಟ್ಟುಬಿಟ್ಟೆ. ಅವರು ಲಯ ಓಡಿಸಿದರು, ಡ್ರಮ್ಮು ಸೇರಿಸಿದರು, ಮಲಗೇ ಎಂದಲ್ಲೆಲ್ಲ ಏಳೇ ಎಂದು ಮಾಡಿದರು. ನಾಲ್ಕು ಸಾವಿರ ಜನ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು. ನನಗೆ ಸಭೆಯಲ್ಲಿ ಶಾಲು ಹೊದಿಸಿದರು. ಮನೆಗೆ ಬಂದು ಹೇಳಿದಾಗ ಅವ್ವ ಸಿಟ್ಟಾಗಲಿಲ್ಲ.

‘ಕೊಟ್ಟಿ, ಕೊಡು. ಆದ್ರ ಇನ್ನ ಮ್ಯಾಲೆ ಮಲಗಸೂದಕ್ಕ ಏನ ಹಾಡ್ತೀಯವ್ವಾ?’ ಅಂದಳು.

ನಾನು ನಕ್ಕೆ. ಆ ನಗುವಿಗೆ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ವಸತಿಯ ಧ್ವನಿವರ್ಧಕದಲ್ಲೂ ಆ ಹಾಡು ದಿನಾ ಬರುತ್ತದೆ. ನಿವೃತ್ತಿಯಾದರೂ ಅವ್ವ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು, ನಲವತ್ತೊಂದು ವರ್ಷದ ಅಭ್ಯಾಸ. ಈಗ ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದಾಳೆ. ನಾನು ಯಾರೆಂದು ಗೊತ್ತಾಗುವುದಿಲ್ಲ. ನಿದ್ದೆಯೇ ಇಲ್ಲ. ನಿದ್ದೆಯಿಲ್ಲದೆ ದೇಹ ತಡೆಯುವುದಿಲ್ಲ, ಹೇಗಾದರೂ ಮಲಗಿಸು ಅಂದರು ವೈದ್ಯೆ.

ನಿನ್ನೆ ಮಧ್ಯಾಹ್ನ ಅವಳ ತಲೆಗೆ ಎಣ್ಣೆ ಹಚ್ಚಿದೆ. ಕಣ್ಣು ಎಳೆಯತೊಡಗಿತು. ಆಸೆ ತಡೆಯಲಾರದೆ ಹಾಡಿದೆ, ಹಳೆಯ ಲಯದಲ್ಲಿ, ಮಲಗೇ ಎಂದೇ ಹಾಡಿದೆ. ಅವ್ವನ ಕಣ್ಣು ತೆರೆಯಿತು. ಮಂಚದ ಅಂಚು ಹಿಡಿದು ಎದ್ದು ನಿಂತಳು. ಕಾಲು ನಡುಗುತ್ತಿದ್ದರೂ ಚಪ್ಪಾಳೆ ತಟ್ಟಿದಳು. ನಾನು ಹಾಡು ನಿಲ್ಲಿಸಿದರೂ ಅವಳು ನಿಲ್ಲಿಸಲಿಲ್ಲ. ಆಮೇಲೆ ನನ್ನನ್ನು ಮೇಲ್ವಿಚಾರಕಿ ಎಂದುಕೊಂಡು, ತಲೆ ತಗ್ಗಿಸಿ ಕೇಳಿದಳು:

‘ಬಾಯಾರ, ಇವತ್ತ ಗುರಿ ಎಷ್ಟೈತ್ರೀ? ಇವತ್ತೊಂದಿನ ರಜಾ ಕೊಡ್ರಿ. ಭಾಳ ದಣದೀನಿ.’

ಕೊಟ್ಟೆ ಅಂದೆ. ಅವಳು ನಂಬಲಿಲ್ಲ. ಹಾಡು ಹಚ್ಚಿದವರು ಯಾವತ್ತು ರಜೆ ಕೊಟ್ಟಿದ್ದಾರೆ?

ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೋ ಕಾಣೆ. ಮುಟ್ಟಿದರೆ ಒಂದೇ ಬೇಡಿಕೆ. ಸಮಾರಂಭಕ್ಕೆ ಮುಂಚೆ ನೀವು ಎಲ್ಲರಿಗೂ ಒಂದು ಫಾರಮ್ಮು ಹಂಚುತ್ತಿದ್ದಿರಂತೆ, ನಿಮಗೆ ಅಚ್ಚುಮೆಚ್ಚಿನ ಹಾಡು ಯಾವುದು ಎಂದು. ಅದರಲ್ಲಿ ಸುಳ್ಳು ಬರೆಯಲು ಹೇಳಿ. ನೀವೂ ಸುಳ್ಳು ಬರೆಯಿರಿ. ಕುಣಿಯಿರಿ, ಬೇಡ ಅನ್ನುವುದಿಲ್ಲ, ಆದರೆ ಒಂದು ಹಾಡನ್ನು ಮನೆಯಲ್ಲೇ ಬಿಟ್ಟು ಹೋಗಿ.

ಅದು ಯಾವುದೆಂದು ಯಾರಿಗೂ ಹೇಳಬೇಡಿ, ಬರೆದಿಡಬೇಡಿ. ನನಗಂತೂ ಹೇಳಲೇಬೇಡಿ, ನಾನು ಕೊಟ್ಟುಬಿಡುವವಳು.